ಸದ್ದಿಲ್ಲದೆ ಬದಲಾಗುವ ಉತ್ತರಗಳು: ಡೇಟಾಬೇಸ್ ಡ್ರೈವರ್ ನವೀಕರಿಸಿದ ಅನುಭವ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲೆ ಆಡಿದ ಮಾತುಗಳ ಬರಹ ರೂಪ ಇದು. ಅಂದು ಪರದೆಯಲ್ಲಿ ತೋರಿಸಿದ ಕೋಡ್ ಇಲ್ಲಿಲ್ಲ. ಅದರ ಬದಲು ಆಯಾ ಜಾಗದಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಒಂದು ದೂರಿನಿಂದ ಶುರು ಮಾಡುತ್ತೇನೆ. ಪ್ರೋಗ್ರಾಮ್‌ಗೂ ಡೇಟಾಬೇಸ್ ಸರ್ವರ್‌ಗೂ ನಡುವೆ ಮಾತು ಸಾಗಿಸುವ ಡ್ರೈವರ್ ಮಾಡ್ಯೂಲ್ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಅದರ ಹೊಸ ಆವೃತ್ತಿ ಬಿಡುಗಡೆಯಾಗಿ ಕೆಲವು ವಾರ ಕಳೆದಿತ್ತು. 'ಮೈಎಸ್‌ಕ್ಯೂಎಲ್ 8ಕ್ಕೆ ಬೆಂಬಲ ಇದೆ' ಎಂದು ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿದ್ದೆ; ಮೈಎಸ್‌ಕ್ಯೂಎಲ್ ಒಂದು ಡೇಟಾಬೇಸ್ ಸರ್ವರ್. ಒಬ್ಬ ಬಳಕೆದಾರರು ಹೀಗೆ ಬರೆದರು: "ರಾತ್ರಿ ಸರ್ವರ್ ರೀಸ್ಟಾರ್ಟ್ ಆಯಿತು. ಆಮೇಲೆ ನಮ್ಮ ಅಪ್ಲಿಕೇಶನ್‌ಗೆ ಲಾಗಿನ್ ಆಗಲೇ ಇಲ್ಲ. ಪಾಸ್‌ವರ್ಡ್ ಸರಿಯಿದೆಯೋ ನೋಡೋಣ ಅಂತ ಬೆಳಿಗ್ಗೆ ಅದೇ ಯಂತ್ರದಿಂದ, ಅದೇ ಖಾತೆಗೆ, ಕಮಾಂಡ್ ಲೈನ್‌ನಲ್ಲಿ ಲಾಗಿನ್ ಆದೆ. ಪಾಸ್‌ವರ್ಡ್ ಸರಿಯಾಗೇ ಇತ್ತು. ಅಷ್ಟು ಹೊತ್ತಿಗೆ ಅಪ್ಲಿಕೇಶನ್ ಕೂಡ ತಾನಾಗೇ ಸರಿಹೋಗಿತ್ತು. ನಾನೇನೂ ಬದಲಿಸಿಲ್ಲ."

'ತಾನಾಗೇ ಸರಿಹೋಯಿತು' ಎನ್ನುವ ದೂರು ಕೈಗೆ ಬಂದರೆ ಅದನ್ನು ಬದಿಗಿಡಬೇಡಿ. ನಾನು ಎರಡು ದಿನ ಬದಿಗಿಟ್ಟಿದ್ದೆ. ಆ ಎರಡು ದಿನದಲ್ಲಿ ಇನ್ನೂ ಇಬ್ಬರು ಹಾಗೆಯೇ ಬರೆದರು.

ನಡೆದದ್ದು ಇದು. 2018ರ ಏಪ್ರಿಲ್‌ನಲ್ಲಿ ಮೈಎಸ್‌ಕ್ಯೂಎಲ್ 8.0 ಬಂದಾಗ ಪಾಸ್‌ವರ್ಡ್ ಪರೀಕ್ಷಿಸುವ ಡಿಫಾಲ್ಟ್ ವಿಧಾನ ಬದಲಾಯಿತು. ಮೊದಲು 'ನೇಟಿವ್ ಪಾಸ್‌ವರ್ಡ್' ಎಂಬ ವಿಧಾನ ಇತ್ತು, ಅದು ಶಾ1 ಹ್ಯಾಶ್ (ಪಾಸ್‌ವರ್ಡ್‌ನಿಂದ ಮಾಡಿದ, ಮರಳಿ ಬಿಡಿಸಲಾಗದ ಸಂಕೇತ) ಮೇಲೆ ನಿಂತಿತ್ತು. ಅದರ ಜಾಗಕ್ಕೆ 'ಕ್ಯಾಶಿಂಗ್ ಶಾ2 ಪಾಸ್‌ವರ್ಡ್' ಬಂತು. ಇದರಲ್ಲಿ ಸರ್ವರ್ ಡಿಸ್ಕ್ ಮೇಲೆ ಇಡುವ ಹ್ಯಾಶ್ ಅನ್ನು ಬೇಕೆಂದೇ ಸಾವಿರಾರು ಸುತ್ತು ತಿರುಗಿಸಿ ನಿಧಾನವಾಗಿ ಮಾಡಿರುತ್ತಾರೆ, ಕದ್ದವರಿಗೆ ಒಡೆಯಲು ಕಷ್ಟವಾಗಲಿ ಎಂದು. ಆದರೆ ಪ್ರತಿ ಲಾಗಿನ್‌ಗೂ ಅಷ್ಟು ಸುತ್ತು ತಿರುಗಿಸುತ್ತಾ ಕೂತರೆ ಸರ್ವರ್ ಬಳಲುತ್ತದೆ. ಅದಕ್ಕಾಗಿ ಒಂದು ಸಲ ಪೂರ್ತಿ ಪರೀಕ್ಷೆಯಾದ ಖಾತೆಗೆ ಮೆಮೊರಿಯಲ್ಲಿ ಒಂದು ಚಿಕ್ಕ ಗುರುತನ್ನು ಇಟ್ಟುಕೊಳ್ಳುತ್ತದೆ. ಮುಂದಿನ ಲಾಗಿನ್‌ಗಳು ಆ ಗುರುತಿನ ಮೇಲೆ ಬೇಗ ಮುಗಿಯುತ್ತವೆ. ಹೆಸರಿನಲ್ಲಿರುವ 'ಕ್ಯಾಶಿಂಗ್' ಅದೇ.

ಅಂದರೆ ದಾರಿ ಎರಡು. ಗುರುತು ಇದ್ದರೆ ಚಿಕ್ಕ ದಾರಿ: ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ, ಸರ್ವರ್ ಕೊಟ್ಟ ಯಾದೃಚ್ಛಿಕ ಬೈಟ್‌ಗಳ ಜೊತೆ ಕಲಸಿದ ಹ್ಯಾಶ್ ಮಾತ್ರ ಹೋಗುತ್ತದೆ. ಗುರುತು ಇಲ್ಲದಿದ್ದರೆ ದೊಡ್ಡ ದಾರಿ: ಪಾಸ್‌ವರ್ಡ್ ಅನ್ನೇ ಸರ್ವರ್‌ಗೆ ತಲುಪಿಸಬೇಕು. ಕನೆಕ್ಷನ್ ಟಿಎಲ್‌ಎಸ್ (ಇಡೀ ಸಂವಾದವನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಧಾನ) ಒಳಗಿದ್ದರೆ ಹಾಗೆಯೇ ಕಳಿಸಬಹುದು. ಇಲ್ಲದಿದ್ದರೆ ಸರ್ವರ್‌ನ ಆರ್‌ಎಸ್‌ಎ ಸಾರ್ವಜನಿಕ ಕೀಲಿಯಿಂದ (ಅದರಿಂದ ಮುಚ್ಚಿದ್ದನ್ನು ಸರ್ವರ್ ಮಾತ್ರ ತೆರೆಯಬಲ್ಲದು) ಗೂಢಲಿಪಿ ಮಾಡಿ ಕಳಿಸಬೇಕು.

ನಮ್ಮ ಡ್ರೈವರ್‌ನಲ್ಲಿ ಚಿಕ್ಕ ದಾರಿ ಇತ್ತು, ಟಿಎಲ್‌ಎಸ್ ಒಳಗಿನ ದೊಡ್ಡ ದಾರಿಯೂ ಇತ್ತು. ಆರ್‌ಎಸ್‌ಎ ದಾರಿ ಇರಲಿಲ್ಲ. ದೂರು ಕೊಟ್ಟವರ ಅಪ್ಲಿಕೇಶನ್ ಟಿಎಲ್‌ಎಸ್ ಇಲ್ಲದೆ ಓಡುತ್ತಿತ್ತು. ಅವರು ಕಮಾಂಡ್ ಲೈನ್‌ನಿಂದ ಲಾಗಿನ್ ಆದಾಗ ಆ ಕ್ಲೈಂಟ್ ಟಿಎಲ್‌ಎಸ್ ಬಳಸಿ ಪೂರ್ತಿ ಪರೀಕ್ಷೆ ಮುಗಿಸಿತು, ಸರ್ವರ್ ಗುರುತು ಇಟ್ಟುಕೊಂಡಿತು, ಆ ಗುರುತನ್ನು ಹಿಡಿದು ನಮ್ಮ ಡ್ರೈವರ್ ಒಳಗೆ ಹೋಯಿತು. ರೀಸ್ಟಾರ್ಟ್ ಆದರೆ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಹೀಗೆ ಬೇರೆ ಯಾರೋ ತೆರೆದ ಬಾಗಿಲಿನಿಂದ ವಾರಗಟ್ಟಲೆ ಓಡಾಡಿಕೊಂಡಿದ್ದೆವು.

ನಮ್ಮ ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ಟೆಸ್ಟ್ ಶುರುವಾಗುವ ಮುಂಚೆ ಟೇಬಲ್‌ಗಳನ್ನು ಸಿದ್ಧಮಾಡುವ ಸ್ಕ್ರಿಪ್ಟ್ ಒಂದಿತ್ತು. ಅದು ಅಧಿಕೃತ ಕ್ಲೈಂಟ್ ಬಳಸಿ ಅದೇ ಖಾತೆಗೆ ಲಾಗಿನ್ ಆಗುತ್ತಿತ್ತು. ನಮ್ಮ ಮೊದಲ ಟೆಸ್ಟ್ ಓಡುವ ಹೊತ್ತಿಗೆ ಗುರುತು ಆಗಲೇ ಸಿದ್ಧ. ಈಗ ಲಾಗಿನ್ ಟೆಸ್ಟ್‌ಗಳ ಮುಂಚೆ 'ಫ್ಲಶ್ ಪ್ರಿವಿಲೇಜಸ್' ಕೊಡುತ್ತೇವೆ. ಅದು ಆ ಕ್ಯಾಶ್ ಅನ್ನು ಖಾಲಿ ಮಾಡುತ್ತದೆ. ಖಾಲಿ ಕ್ಯಾಶ್, ತುಂಬಿದ ಕ್ಯಾಶ್, ಟಿಎಲ್‌ಎಸ್ ಇದ್ದಾಗ, ಇಲ್ಲದಾಗ, ಹೀಗೆ ನಾಲ್ಕು ಸ್ಥಿತಿಗಳಲ್ಲೂ ಲಾಗಿನ್ ಆಗಲೇಬೇಕು.

ಆರ್‌ಎಸ್‌ಎ ದಾರಿ ಬರೆಯುವಾಗ ಇನ್ನೊಂದು ಪ್ರಶ್ನೆ ಎದ್ದಿತು. ಸಾರ್ವಜನಿಕ ಕೀಲಿಯನ್ನು ಸರ್ವರ್‌ನಿಂದಲೇ ಕೇಳಿ ಪಡೆಯಬಹುದು. ಆದರೆ ನಡುವೆ ಕೂತ ಯಾರೋ ತನ್ನ ಕೀಲಿಯನ್ನೇ ಸರ್ವರ್‌ನದು ಎಂದು ಕೊಟ್ಟರೆ ಪಾಸ್‌ವರ್ಡ್ ಅವನ ಕೈಗೆ ಹೋಯಿತು. ಜಾವಾದ ಮೈಎಸ್‌ಕ್ಯೂಎಲ್ ಡ್ರೈವರ್ ಬಳಸಿದವರು 'ಪಬ್ಲಿಕ್ ಕೀ ರಿಟ್ರೀವಲ್ ಈಸ್ ನಾಟ್ ಅಲೌಡ್' ಎಂಬ ಎರರ್ ನೋಡಿರುತ್ತೀರಿ. ಅದು ಇದೇ ಅಪಾಯಕ್ಕೆ ಹಾಕಿದ ಬೀಗ. ಅದನ್ನು ಕಂಡ ಕೂಡಲೇ ಕನೆಕ್ಷನ್ ಸಾಲಿನಲ್ಲಿ 'ಅನುಮತಿಸು' ಎಂದು ಸೇರಿಸಿ ಮುಂದೆ ಹೋಗುವುದು ರೂಢಿಯಾಗಿಬಿಟ್ಟಿದೆ. ಕೀಲಿಯ ಫೈಲ್ ಅನ್ನು ಕ್ಲೈಂಟ್ ಹತ್ತಿರವೇ ಇಡಿ, ಇಲ್ಲವೇ ಟಿಎಲ್‌ಎಸ್ ಹಾಕಿಕೊಳ್ಳಿ. ನಮ್ಮ ಮಾಡ್ಯೂಲ್ ಕೂಡ ಕೇಳದೆ ಕೀಲಿ ತರಿಸುವುದಿಲ್ಲ. ಆ ನಿರ್ಧಾರಕ್ಕೆ ಬೈದವರು ಬಹಳ ಜನ. ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ದುಭಾಷಿಯ ಮೂರು ಒಪ್ಪಂದಗಳು

ಡ್ರೈವರ್ ಎಂದರೆ ದುಭಾಷಿ. ಒಂದು ಕಡೆ ಪ್ರೋಗ್ರಾಮ್ ಬರೆಯುವವರು, ಇನ್ನೊಂದು ಕಡೆ ಸರ್ವರ್. ಪ್ರೋಗ್ರಾಮ್‌ನ ಕಡೆಗೆ ಒಂದು ಲಿಖಿತ ಒಪ್ಪಂದ ಇರುತ್ತದೆ: ಪರ್ಲ್‌ನಲ್ಲಿ 1994ರಿಂದ ಇರುವ ಡಿಬಿಐ, ಜಾವಾದಲ್ಲಿ 1997ರಿಂದ ಜೆಡಿಬಿಸಿ, ಪೈಥಾನ್‌ನಲ್ಲಿ 1999ರ ಪೆಪ್ 249. ಸರ್ವರ್‌ನ ಕಡೆಗೆ ಇನ್ನೊಂದು ಒಪ್ಪಂದ, ತಂತಿಯ ಮೇಲೆ ಬೈಟ್‌ಗಳು ಹೇಗೆ ಸಾಗಬೇಕು ಎನ್ನುವ ಪ್ರೋಟೋಕಾಲ್. ಇವೆರಡೂ ಬರಹದಲ್ಲಿವೆ, ಓದಬಹುದು.

ಮೂರನೆಯದು ಬರಹದಲ್ಲಿಲ್ಲ. ಬಳಕೆದಾರರು ಡ್ರೈವರ್ ಹೇಗೆ ನಡೆದುಕೊಳ್ಳುತ್ತದೆ ಎಂದು ವರ್ಷಗಟ್ಟಲೆ ನೋಡಿ, ಆ ನಡವಳಿಕೆಯ ಮೇಲೆ ತಮ್ಮ ಕೋಡ್ ಕಟ್ಟಿರುತ್ತಾರೆ. ಲಿಖಿತ ಒಪ್ಪಂದಗಳಲ್ಲಿ ಸಡಿಲ ಜಾಗಗಳು ಬೇಕಾದಷ್ಟಿವೆ. ಪೆಪ್ 249 ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಪ್ಯಾರಾಮೀಟರ್ (ಆಮೇಲೆ ತುಂಬುವ ಬೆಲೆಯ ಜಾಗ) ಬರೆಯಲು ಐದು ಬಗೆಗಳನ್ನು ಒಪ್ಪುತ್ತದೆ. ಯಾವ ಡ್ರೈವರ್ ಯಾವುದನ್ನು ಆರಿಸುತ್ತದೆ ಅನ್ನುವುದು ಆ ಡ್ರೈವರ್‌ಗೆ ಬಿಟ್ಟದ್ದು. ಹೀಗೆ ಬಿಟ್ಟ ಜಾಗಗಳಲ್ಲೆಲ್ಲ ರೂಢಿ ಬೆಳೆಯುತ್ತದೆ. ನವೀಕರಣದ ತೊಂದರೆಗಳಲ್ಲಿ ಹೆಚ್ಚಿನವು ನನಗೆ ಎದುರಾದದ್ದು ಈ ಮೂರನೆಯ ಒಪ್ಪಂದದಲ್ಲಿ.

ತೊಂದರೆಗಳಲ್ಲೂ ಎರಡು ಜಾತಿ. ಒಂದು ಕೂಗುತ್ತದೆ: ಕನೆಕ್ಷನ್ ಆಗುವುದಿಲ್ಲ, ಸಿಂಟ್ಯಾಕ್ಸ್ ಎರರ್ ಬರುತ್ತದೆ, ಕಂಪೈಲ್ ಆಗುವುದಿಲ್ಲ. ಇನ್ನೊಂದು ಕೂಗುವುದಿಲ್ಲ. ಕ್ವೆರಿ ಓಡುತ್ತದೆ, ಉತ್ತರವೂ ಬರುತ್ತದೆ, ಆದರೆ ಆ ಉತ್ತರ ನಿನ್ನೆಯದಲ್ಲ. ಡ್ರೈವರ್ ನೋಡಿಕೊಳ್ಳುವವರ ನಿಜವಾದ ಕೆಲಸ ಕೂಗದ ತೊಂದರೆಯನ್ನು ಕೂಗುವಂತೆ ಮಾಡುವುದು ಎಂದು ನಾನು ನಂಬಿದ್ದೇನೆ.

ಆವೃತ್ತಿಯ ಸಂಖ್ಯೆ ಹೇಳುವುದೂ ಹೇಳದ್ದೂ

ಹಳೆಯ ಡ್ರೈವರ್ ಕೋಡ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು 'ಸರ್ವರ್ ಆವೃತ್ತಿ ಇಷ್ಟಕ್ಕಿಂತ ಹೆಚ್ಚಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ' ಎನ್ನುವ ಸಾಲುಗಳು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಸರ್ವರ್‌ನಲ್ಲಿ 9.6 ಆದಮೇಲೆ 2017ರಲ್ಲಿ ಬಂದದ್ದು 10. ಅಲ್ಲಿಯವರೆಗೆ '9.6.1' ಎಂದು ಮೂರು ಭಾಗ ಇರುತ್ತಿದ್ದ ಸಂಖ್ಯೆ '10.1' ಎಂದು ಎರಡೇ ಭಾಗವಾಯಿತು. ಮೊದಲೆರಡು ಭಾಗ ಸೇರಿ ಮುಖ್ಯ ಆವೃತ್ತಿ ಎಂದು ನಂಬಿ ಪದ ಕತ್ತರಿಸುತ್ತಿದ್ದ ಕೋಡ್ ಮುಗ್ಗರಿಸಿತು. ಸಂಖ್ಯೆಗಳನ್ನು ಅಕ್ಷರಗಳಂತೆ ಹೋಲಿಸುತ್ತಿದ್ದ ಕೋಡ್‌ಗೆ '10' ಎನ್ನುವುದು '9'ಕ್ಕಿಂತ ಚಿಕ್ಕದು. 90600, 100000 ಎಂಬಂತೆ ಪೂರ್ಣಾಂಕ ಕೊಡುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಎಷ್ಟೋ ಮೊದಲೇ ಇತ್ತು. ಅದನ್ನು ಬಳಸಿದವರಿಗೆ ಏನೂ ಆಗಲಿಲ್ಲ.

ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮಾರಿಯಾಡಿಬಿಯ ಕಥೆ ಇನ್ನೂ ಪಾಠದಂತಿದೆ. ಅದರ ಆವೃತ್ತಿ 10ಕ್ಕೆ ಏರಿದಾಗ, ಸಂಖ್ಯೆಯ ಮೊದಲ ಭಾಗ ಎರಡಂಕಿಯಾದರೆ ಮೈಎಸ್‌ಕ್ಯೂಎಲ್‌ನ ರೆಪ್ಲಿಕೇಶನ್ (ಒಂದು ಸರ್ವರ್‌ನ ಮಾಹಿತಿಯನ್ನು ಇನ್ನೊಂದಕ್ಕೆ ನಕಲಿಸುವ) ಕೋಡ್ ತಪ್ಪಾಗಿ ಓದುತ್ತದೆ ಎಂದು, ಸರ್ವರ್ ತನ್ನ ಪರಿಚಯ ಹೇಳುವಾಗ ಮುಂದೆ '5.5.5-' ಎಂದು ಸೇರಿಸಲು ಶುರುಮಾಡಿತು. ಈ ಸಂಗತಿ ಗೊತ್ತಿಲ್ಲದ ಡ್ರೈವರ್ ಅದನ್ನು ಬಹಳ ಹಳೆಯ ಸರ್ವರ್ ಎಂದುಕೊಂಡು ಹೊಸ ಸೌಲಭ್ಯಗಳನ್ನೆಲ್ಲ ಮುಚ್ಚಿಬಿಡುತ್ತದೆ. ಒಬ್ಬರ ಹೊಂದಾಣಿಕೆಗೆ ಹೇಳಿದ ಸಣ್ಣ ಸುಳ್ಳನ್ನು ಉಳಿದವರೆಲ್ಲ ಬಿಡಿಸಿಕೊಳ್ಳಬೇಕಾಯಿತು.

ಹಾಗಾಗಿ ಆದಷ್ಟು ಆವೃತ್ತಿ ಕೇಳಬೇಡಿ, ಸಾಮರ್ಥ್ಯ ಕೇಳಿ. ಟ್ರಾನ್ಸಾಕ್ಷನ್‌ನ ಐಸೊಲೇಶನ್ ಮಟ್ಟ (ಒಂದೇ ಹೊತ್ತಿಗೆ ನಡೆಯುವ ಕೆಲಸಗಳು ಒಂದಕ್ಕೊಂದು ಎಷ್ಟು ಕಾಣಬೇಕು ಎನ್ನುವುದು) ಇಡುವ ವೇರಿಯಬಲ್ ಮೈಎಸ್‌ಕ್ಯೂಎಲ್‌ನಲ್ಲಿ ಮೊದಲು 'ಟಿಎಕ್ಸ್ ಐಸೊಲೇಶನ್' ಎಂದಿತ್ತು. 5.7.20ರಲ್ಲಿ 'ಟ್ರಾನ್ಸಾಕ್ಷನ್ ಐಸೊಲೇಶನ್' ಎಂಬ ಹೊಸ ಹೆಸರು ಬಂತು, 8.0ರಲ್ಲಿ ಹಳೆಯ ಹೆಸರು ತೆಗೆದುಹಾಕಿದರು. ಮಾರಿಯಾಡಿಬಿ ಹಳೆಯ ಹೆಸರನ್ನೇ ಬಹುಕಾಲ ಇಟ್ಟುಕೊಂಡಿತು. ಕನೆಕ್ಷನ್ ಆದ ಕೂಡಲೇ ಆ ವೇರಿಯಬಲ್ ಓದುತ್ತಿದ್ದ ಹಳೆಯ ಡ್ರೈವರ್‌ಗಳು 8.0 ಎದುರು ಮೊದಲ ಹೆಜ್ಜೆಯಲ್ಲೇ ಬಿದ್ದವು. ನಾವು ಆವೃತ್ತಿಯ ಲೆಕ್ಕಕ್ಕೆ ಹೋಗಲಿಲ್ಲ. 'ಶೋ ವೇರಿಯಬಲ್ಸ್' ಕ್ವೆರಿಯಲ್ಲಿ ಎರಡೂ ಹೆಸರು ಕೊಟ್ಟು ಕೇಳಿದೆವು. ಇಲ್ಲದ ಹೆಸರಿಗೆ ಅದು ಎರರ್ ಕೊಡುವುದಿಲ್ಲ, ಇರುವುದನ್ನು ಮಾತ್ರ ಹಿಂದಿರುಗಿಸುತ್ತದೆ. ಯಾವುದು ಬಂತೋ ಅದು ನಮ್ಮದು.

ಆವೃತ್ತಿಯನ್ನೇ ನೋಡಬೇಕಾದ ಸಂದರ್ಭಗಳೂ ಇವೆ. ಮಾರಿಯಾಡಿಬಿ 10.2.7ರಿಂದ ಇನ್ಫರ್ಮೇಶನ್ ಸ್ಕೀಮಾದಲ್ಲಿ (ಟೇಬಲ್‌ಗಳ ವಿವರ ಇರುವ ಜಾಗದಲ್ಲಿ) ಕಾಲಂನ ಡಿಫಾಲ್ಟ್ ಬೆಲೆಗೆ ಉದ್ಧರಣ ಚಿಹ್ನೆ ಸೇರಿಸಿ ಕೊಡುತ್ತದೆ, ಮೊದಲು ಬರೀ ಪದ ಬರುತ್ತಿತ್ತು. ಬಂದ ಉತ್ತರವನ್ನಷ್ಟೇ ನೋಡಿದರೆ ಆ ಚಿಹ್ನೆ ಬೆಲೆಯ ಭಾಗವೋ ಹೊದಿಕೆಯೋ ಗೊತ್ತಾಗುವುದಿಲ್ಲ. ಇಂಥ ಕಡೆ ಸಂಖ್ಯೆಗೆ ಶರಣಾಗಲೇಬೇಕು. ಆ ಸಾಲಿನ ಪಕ್ಕದಲ್ಲಿ ಯಾಕೆ ಎಂದು ಎರಡು ವಾಕ್ಯ ಬರೆದಿಡಿ.

ಕೂಗದ ಬದಲಾವಣೆಗಳು

ಈಗ ನನ್ನ ನಿದ್ದೆ ಕೆಡಿಸುವ ಭಾಗಕ್ಕೆ ಬರೋಣ.

2010ರಲ್ಲಿ ಪೋಸ್ಟ್‌ಗ್ರೆಸ್ 9.0 ಬಂದಾಗ ಬೈನರಿ ಕಾಲಂನ ವಿಷಯವನ್ನು ಪಠ್ಯವಾಗಿ ಕಳಿಸುವ ರೀತಿ ಬದಲಾಯಿತು. ಮೊದಲು ಆಕ್ಟಲ್ ಎಸ್ಕೇಪ್ ಇತ್ತು, ಆಮೇಲೆ ಹೆಕ್ಸ್ ಆಯಿತು. ಹೆಕ್ಸ್ ಉತ್ತರದ ಮೊದಲಿಗೆ ಒಂದು ಹಿಂಗೀಟು (ಬ್ಯಾಕ್‌ಸ್ಲ್ಯಾಶ್), ಅದರ ನಂತರ 'ಎಕ್ಸ್' ಅಕ್ಷರ. ಹಳೆಯ ಡ್ರೈವರ್ ಅದನ್ನು ಹಳೆಯ ನಿಯಮದಲ್ಲಿ ಬಿಡಿಸುತ್ತಿತ್ತು: ಹಿಂಗೀಟಿನ ಮುಂದೆ ಅಂಕಿ ಇಲ್ಲ, ಹಾಗಾದರೆ ಗೀಟು ಬಿಡು, ಅಕ್ಷರ ಇಟ್ಟುಕೋ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಡೇಟಾಬೇಸ್‌ನಲ್ಲಿಟ್ಟ ಪಿಎನ್‌ಜಿ ಚಿತ್ರ ಹೊರಗೆ ಬಂದಾಗ 'ಎಕ್ಸ್' ಅಕ್ಷರದಿಂದ ಶುರುವಾಗುವ, ಗಾತ್ರದಲ್ಲಿ ಎರಡರಷ್ಟಾದ ಪಠ್ಯವಾಗಿರುತ್ತಿತ್ತು. ಚಿತ್ರವಾದರೆ ತೆರೆಯುವುದಿಲ್ಲ, ಗೊತ್ತಾಗುತ್ತದೆ. ಗೂಢಲಿಪಿ ಮಾಡಿಟ್ಟ ಮಾಹಿತಿಯಾದರೆ? ಓದಿ, ಮತ್ತೆ ಹಾಗೇ ಬರೆದಿಟ್ಟರೆ? ಹಾಳಾದ ಬೆಲೆ ಮತ್ತೆ ಟೇಬಲ್ ಸೇರಿ, ಬ್ಯಾಕಪ್‌ಗೂ ಹೋಗುತ್ತದೆ. ಹಳೆಯ ರೀತಿಯಲ್ಲೇ ಕಳಿಸು ಎಂದು ಹೇಳುವ ಸೆಟ್ಟಿಂಗ್ ಸರ್ವರ್‌ನಲ್ಲಿ ಇಟ್ಟಿದ್ದರು, ಬಹಳ ಜನ ಅದನ್ನೇ ಹಾಕಿಕೊಂಡು ಸಮಯ ಪಡೆದರು.

ಪಿಎಚ್‌ಪಿ 8.1ರಲ್ಲಿ ಪಿಡಿಒದ (ಪಿಎಚ್‌ಪಿಯ ಡೇಟಾಬೇಸ್ ಒಪ್ಪಂದದ) ಮೈಎಸ್‌ಕ್ಯೂಎಲ್ ಡ್ರೈವರ್ ಇನ್ನೊಂದು ಬಗೆಯ ಬದಲಾವಣೆ ತಂದಿತು. ಡ್ರೈವರ್ ತಾನೇ ಪ್ಯಾರಾಮೀಟರ್ ತುಂಬುವ 'ಎಮ್ಯುಲೇಟೆಡ್' ರೀತಿಯಲ್ಲಿ, ಅಲ್ಲಿಯವರೆಗೆ ಎಲ್ಲ ಬೆಲೆಗಳೂ ಸ್ಟ್ರಿಂಗ್ ಆಗಿ ಬರುತ್ತಿದ್ದವು. 8.1ರಿಂದ ಪೂರ್ಣಾಂಕ ಪೂರ್ಣಾಂಕವಾಗಿ, ಫ್ಲೋಟ್ ಫ್ಲೋಟ್ ಆಗಿ ಬರತೊಡಗಿತು. ಸರಿಯಾದ ಬದಲಾವಣೆ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಮೂರು ಸಮಚಿಹ್ನೆ ಹಾಕಿ (ಟೈಪ್ ಕೂಡ ಒಂದೇ ಇರಬೇಕೆಂದು) ಸ್ಟ್ರಿಂಗ್ '1' ಜೊತೆ ಹೋಲಿಸಿದ ಕೋಡ್ ಮರುದಿನದಿಂದ 'ಅಲ್ಲ' ಎನ್ನುತ್ತದೆ. ಖಾತೆ ಸಕ್ರಿಯವೋ ಇಲ್ಲವೋ ಎಂದು ನೋಡುವ ಸಾಲು ಅದಾಗಿದ್ದರೆ, ಎಲ್ಲ ಖಾತೆಗಳೂ ನಿಷ್ಕ್ರಿಯ. ಹಳೆಯಂತೆ ಎಲ್ಲವೂ ಸ್ಟ್ರಿಂಗ್ ಆಗಿ ಬರಲಿ ಎನ್ನುವ ಆಯ್ಕೆ ಪಿಡಿಒದಲ್ಲಿ ಇರುವುದರಿಂದ ಹಂತಹಂತವಾಗಿ ಹೋಗಬಹುದು.

ಅಕ್ಷರ ಸಂಕೇತದ ವಿಷಯ ಕನ್ನಡದಲ್ಲಿ ಬರೆಯುವವರಿಗೆ ಹತ್ತಿರದ್ದು. ಮೈಎಸ್‌ಕ್ಯೂಎಲ್ 'ಯುಟಿಎಫ್8' ಎಂದು ಕರೆದದ್ದು ಪೂರ್ತಿ ಯುಟಿಎಫ್-8 ಆಗಿರಲಿಲ್ಲ. ಒಂದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್ ಮಾತ್ರ. ಕನ್ನಡದ 'ಕ' 3 ಬೈಟ್‌ನಲ್ಲಿ ಸೇರುತ್ತದೆ, ಒತ್ತಕ್ಷರ, ಗುಣಿತ ಎಲ್ಲವೂ ಅಂಥ ತುಂಡುಗಳ ಸರಣಿ. ಹಾಗಾಗಿ ಕನ್ನಡ ಪಠ್ಯ ಹಾಕಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿ ಕಂಡಿತು. ಎಮೋಜಿಗೆ 4 ಬೈಟ್ ಬೇಕು. ಸ್ಟ್ರಿಕ್ಟ್ ಮೋಡ್ (ತಪ್ಪು ಬೆಲೆಯನ್ನು ಎರರ್ ಕೊಟ್ಟು ತಡೆಯುವ ಸೆಟ್ಟಿಂಗ್) ಇಲ್ಲದ ಸರ್ವರ್‌ನಲ್ಲಿ ಒಂದು ಎಮೋಜಿ ಬಂದರೆ ಅಲ್ಲಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿಹೋಗಿ, ಬರೀ ಒಂದು ಎಚ್ಚರಿಕೆ ಉಳಿಯುತ್ತಿತ್ತು. ಆ ಎಚ್ಚರಿಕೆಯನ್ನು ಡ್ರೈವರ್ ಮೇಲಕ್ಕೆ ಕಳಿಸದಿದ್ದರೆ ಯಾರಿಗೂ ತಿಳಿಯುವುದಿಲ್ಲ. 2010ರಲ್ಲಿ 5.5.3ರೊಂದಿಗೆ ಬಂದ 'ಯುಟಿಎಫ್8ಎಂಬಿ4' ಇದಕ್ಕೆ ಪರಿಹಾರ, 8.0ರಲ್ಲಿ ಅದೇ ಡಿಫಾಲ್ಟ್.

ಅದಕ್ಕೆ ಬದಲಾಯಿಸುವಾಗ ಕೂಗುವ ತೊಂದರೆಯೂ ಒಂದಿತ್ತು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಬ ಶೇಖರಣಾ ರೀತಿಯ ಹಳೆಯ ಟೇಬಲ್‌ಗಳಲ್ಲಿ ಇಂಡೆಕ್ಸ್ ಕೀಲಿಗೆ 767 ಬೈಟ್ ಮಿತಿ. 255 ಅಕ್ಷರಕ್ಕೆ 3ರಂತೆ 765, ಸೇರುತ್ತಿತ್ತು. 4ರಂತೆ 1020, ಸೇರುವುದಿಲ್ಲ. ಅನೇಕ ಹಳೆಯ ಸ್ಕೀಮಾಗಳಲ್ಲಿ 191 ಎಂಬ ವಿಚಿತ್ರ ಉದ್ದ ಕಂಡಿದ್ದರೆ ಕಾರಣ ಇದೇ: 191ನ್ನು 4ರಿಂದ ಗುಣಿಸಿದರೆ 764. ಇನ್ನು 8.0ರ ಡಿಫಾಲ್ಟ್ ಕೊಲೇಶನ್‌ಗೆ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮಕ್ಕೆ) ಪ್ರೋಟೋಕಾಲ್‌ನಲ್ಲಿ 255 ಎಂಬ ಸಂಖ್ಯೆ ಸಿಕ್ಕಿತು. ಹಳೆಯ ಡ್ರೈವರ್‌ಗಳ ಒಳಗಿನ ಪಟ್ಟಿಯಲ್ಲಿ ಆ ಸಂಖ್ಯೆ ಇರಲಿಲ್ಲ. 'ಈ ಅಕ್ಷರ ಸಂಕೇತ ನನಗೆ ಗೊತ್ತಿಲ್ಲ' ಎಂದು ಕನೆಕ್ಷನ್ ಅನ್ನೇ ಕೈಬಿಟ್ಟವು. ಸರ್ವರ್ ಡಿಫಾಲ್ಟ್ ಕೊಲೇಶನ್ ಯಾವುದಿದ್ದರೂ ಕ್ಲೈಂಟ್ ತನಗೆ ಬೇಕಾದ್ದನ್ನು ಕೇಳಿಕೊಳ್ಳಬಹುದು. ಗೊತ್ತಿಲ್ಲದ ಸಂಖ್ಯೆ ಕಂಡರೆ ಸಾಯುವ ಅಗತ್ಯ ಡ್ರೈವರ್‌ಗೆ ಇರಲಿಲ್ಲ.

ಪರ್ಲ್ ಲೋಕದಲ್ಲಿ ಇದೇ ವಿಷಯಕ್ಕೆ ಒಂದು ಸಮುದಾಯವೇ ಕವಲೊಡೆಯಿತು. ಅಲ್ಲಿನ ಮೈಎಸ್‌ಕ್ಯೂಎಲ್ ಡ್ರೈವರ್ ಯೂನಿಕೋಡ್ ನಡವಳಿಕೆಯನ್ನು 4.042ರಲ್ಲಿ ಸರಿಪಡಿಸಿತು. ಹಳೆಯ ತಪ್ಪು ನಡವಳಿಕೆಯ ಸುತ್ತ ತಿದ್ದುಪಡಿ ಬರೆದುಕೊಂಡಿದ್ದ ಪ್ರೋಗ್ರಾಮ್‌ಗಳು ಒಡೆದವು. 2017ರಲ್ಲಿ 4.043 ಬಿಡುಗಡೆ ಮಾಡಿ ಆ ತಿದ್ದುಪಡಿಗಳನ್ನು ಹಿಂತೆಗೆದುಕೊಂಡರು. ಸರಿಯಾದದ್ದೇ ಬೇಕೆಂದವರು ಬೇರೆ ಹೆಸರಿನಲ್ಲಿ, ಮಾರಿಯಾಡಿಬಿ ಡ್ರೈವರ್ ಆಗಿ, ಮುಂದುವರಿದರು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಬದಲಾವಣೆಯನ್ನು ಚಿಕ್ಕ ಆವೃತ್ತಿಯ ಒಳಗೆ ತರಬಾರದು. ಎರಡು ಸಲ ಎನ್‌ಕೋಡ್ ಆದ ಪಠ್ಯ ಟೇಬಲ್‌ಗೆ ಹೋಗಿ ಕೂತರೆ, ಯಾವ ಸಾಲು ಹಳೆಯದು ಯಾವುದು ಹೊಸದು ಎಂದು ಆಮೇಲೆ ಬೇರ್ಪಡಿಸುವುದು ಆಗದ ಕೆಲಸ.

ಕೂಗುವುದನ್ನೇ ಆರಿಸಿಕೊಂಡ ಉದಾಹರಣೆಯೂ ಇದೆ. ಜಾವಾದ ಮೈಎಸ್‌ಕ್ಯೂಎಲ್ ಡ್ರೈವರ್‌ನ 8.0 ಸರಣಿಯ ಮೊದಲ ಬಿಡುಗಡೆಗಳು, ಸರ್ವರ್‌ನ ಸಮಯ ವಲಯ 'ಐಎಸ್‌ಟಿ' ಎಂಬಂಥ ಮೂರಕ್ಷರದಲ್ಲಿದ್ದರೆ ಕನೆಕ್ಟ್ ಆಗಲು ಒಪ್ಪುತ್ತಿರಲಿಲ್ಲ. ಆ ಮೂರಕ್ಷರ ಭಾರತಕ್ಕೂ ಇಸ್ರೇಲಿಗೂ ಐರ್ಲೆಂಡಿಗೂ ಬಳಕೆಯಲ್ಲಿದೆ. ಊಹಿಸಿ ಮುಂದೆ ಹೋದರೆ ದಿನಾಂಕಗಳು ಗಂಟೆಗಟ್ಟಲೆ ಆಚೀಚೆಯಾಗುತ್ತವೆ. ಆ ಎರರ್ ಕಂಡು ನಾನೂ ಆಗ ಸಿಟ್ಟಾಗಿದ್ದೆ. ಈಗ ಅದೇ ಸರಿ ಅನ್ನಿಸುತ್ತದೆ.

ಆರನೆಯ ಸಲ ಬೀಳುವ ಕ್ವೆರಿ

ಪೈಥಾನ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಆದ ಸೈಕೊಪಿಜಿ 2ರಿಂದ 3ಕ್ಕೆ ಹೋದವರು ಇಲ್ಲಿ ಇದ್ದೀರಿ. 2021ರಲ್ಲಿ ಬಂದ 3ನೆಯ ಆವೃತ್ತಿ ಪ್ಯಾರಾಮೀಟರ್‌ಗಳನ್ನು ತಾನೇ ಕ್ವೆರಿಗೆ ಅಂಟಿಸದೆ ಸರ್ವರ್‌ಗೆ ಬೇರೆಯಾಗಿ ಕಳಿಸುತ್ತದೆ. ಅದರಿಂದ 'ಇನ್' ಎಂದು ಬರೆದು ಟ್ಯೂಪಲ್ ಕೊಡುವುದು ನಡೆಯುವುದಿಲ್ಲ, 'ಎನಿ' ಬಳಸಿ ಲಿಸ್ಟ್ ಕೊಡಬೇಕು. ಇದು ಕೂಗುವ ಜಾತಿ, ಒಂದು ದಿನದ ಕೆಲಸ. 'ವಿತ್' ಬ್ಲಾಕ್ ಮುಗಿದಾಗ 2ರಲ್ಲಿ ಟ್ರಾನ್ಸಾಕ್ಷನ್ ಮಾತ್ರ ಮುಗಿಯುತ್ತಿತ್ತು, 3ರಲ್ಲಿ ಕನೆಕ್ಷನ್ನೇ ಮುಚ್ಚುತ್ತದೆ. ಅದೂ ಬೇಗ ಗೊತ್ತಾಗುತ್ತದೆ.

ಗೊತ್ತಾಗದೇ ಕಾಡುವುದು ಬೇರೆ. ಒಂದೇ ಕ್ವೆರಿ ಮತ್ತೆ ಮತ್ತೆ ಬಂದರೆ ಅದನ್ನು ಸರ್ವರ್‌ನಲ್ಲಿ ಪ್ರಿಪೇರ್ ಮಾಡಿಡುವ (ಮೊದಲೇ ಸಿದ್ಧಪಡಿಸಿಡುವ) ಅಭ್ಯಾಸ ಸೈಕೊಪಿಜಿ 3ಕ್ಕೂ ಇದೆ, ಜೆಡಿಬಿಸಿಯ ಪೋಸ್ಟ್‌ಗ್ರೆಸ್ ಡ್ರೈವರ್‌ಗೂ ಇದೆ. ಎರಡರಲ್ಲೂ ಡಿಫಾಲ್ಟ್ ಮಿತಿ 5. ನಡುವೆ ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನು ಹಂಚಿಕೊಡುವ ಪ್ರೋಗ್ರಾಮ್) ಕೂತು, ಪ್ರತಿ ಟ್ರಾನ್ಸಾಕ್ಷನ್‌ಗೂ ಬೇರೆ ಬೇರೆ ಸರ್ವರ್ ಕನೆಕ್ಷನ್ ಕೊಡುತ್ತಿದ್ದರೆ, ಒಂದರಲ್ಲಿ ಪ್ರಿಪೇರ್ ಮಾಡಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಟೆಸ್ಟ್‌ನಲ್ಲಿ ಯಾವ ಕ್ವೆರಿಯೂ ಅಷ್ಟು ಸಲ ಓಡಿರುವುದಿಲ್ಲ, ಎಲ್ಲ ಹಸಿರು. ನಿಜವಾದ ಓಟದಲ್ಲಿ ಕೆಲವು ನಿಮಿಷ ಚೆನ್ನಾಗಿ ನಡೆದು ಆಮೇಲೆ 'ಅಂಥ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇಲ್ಲ' ಎಂದು ಅಲ್ಲೊಂದು ಇಲ್ಲೊಂದು ಎರರ್. 2023ರ ಪಿಜಿಬೌನ್ಸರ್ 1.21 ಪ್ರೋಟೋಕಾಲ್ ಮಟ್ಟದ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳನ್ನು ತಾನೇ ನೆನಪಿಟ್ಟುಕೊಳ್ಳಲು ಕಲಿತಿದೆ. ಹಳೆಯದಿದ್ದರೆ ಡ್ರೈವರ್‌ನಲ್ಲಿ ಆ ಅಭ್ಯಾಸವನ್ನು ನಿಲ್ಲಿಸಿ. ನಮ್ಮಲ್ಲಿ ಪ್ರತಿ ಮುಖ್ಯ ಟೆಸ್ಟ್ ಅನ್ನು ಒಂದೇ ಕನೆಕ್ಷನ್ ಮೇಲೆ 20 ಸಲ ಓಡಿಸುವ ನಿಯಮ ಮಾಡಿಕೊಂಡದ್ದು ಇದಾದ ಮೇಲೆ.

ಕಂಪೈಲ್ ಆಗುವ ಡ್ರೈವರ್‌ಗಳ ಬಗ್ಗೆ ಒಂದೇ ಮಾತು: ಮೈಎಸ್‌ಕ್ಯೂಎಲ್ 8.0 ತನ್ನ ಸಿ ಹೆಡರ್‌ನಿಂದ 'ಮೈ ಬೂಲ್' ಎಂಬ ಟೈಪ್ ತೆಗೆದುಹಾಕಿತು, ಮಾರಿಯಾಡಿಬಿ ಉಳಿಸಿಕೊಂಡಿತು. ನಿಮ್ಮ ಕೋಡ್ ಎರಡರ ಎದುರೂ ಕಂಪೈಲ್ ಆಗಬೇಕಾದರೆ ಆ ಟೈಪ್ ಇದೆಯೇ ಎಂದು ಬಿಲ್ಡ್ ಹೊತ್ತಿನಲ್ಲೇ ಪರೀಕ್ಷಿಸಿ.

ನಾವು ಈಗ ಮಾಡುವ ರೀತಿ

ಹಳೆಯ ಡ್ರೈವರ್ ಮತ್ತು ಹೊಸ ಡ್ರೈವರ್ ಎರಡನ್ನೂ ಅಕ್ಕಪಕ್ಕ ಇಟ್ಟು, ಅದೇ ಸರ್ವರ್‌ಗೆ ಅದೇ ಪ್ರಶ್ನೆ ಕೇಳಿಸುತ್ತೇವೆ. ಸರ್ವರ್ ಬೆಂಬಲಿಸುವ ಪ್ರತಿ ಟೈಪ್‌ಗೂ ಕಷ್ಟದ ಬೆಲೆಗಳ ಒಂದು ಪಟ್ಟಿ ಇದೆ: ನಲ್, ಖಾಲಿ ಸ್ಟ್ರಿಂಗ್, ಅತಿ ದೊಡ್ಡ ಪೂರ್ಣಾಂಕ, ಋಣ ಸೊನ್ನೆ, '0000-00-00' ಎಂಬ ಮೈಎಸ್‌ಕ್ಯೂಎಲ್‌ನ ಸೊನ್ನೆ ದಿನಾಂಕ, 4 ಬೈಟ್‌ನ ಅಕ್ಷರ, 256 ಬಗೆಯ ಬೈಟ್‌ಗಳೂ ಇರುವ ಬೈನರಿ. ಪ್ರತಿಯೊಂದನ್ನೂ ಬರೆದು, ಓದಿ, ಬೆಲೆಯ ಜೊತೆಗೆ ಅದರ ಟೈಪ್ ಕೂಡ ಒಂದು ಫೈಲ್‌ಗೆ ಬರೆಯುತ್ತೇವೆ. ಆ ಎರಡು ಫೈಲ್‌ಗಳ ವ್ಯತ್ಯಾಸವೇ ನಮ್ಮ ಬಿಡುಗಡೆ ಟಿಪ್ಪಣಿಯ ಮೊದಲ ಕರಡು. ಒಂದು ಸಾಲು ವ್ಯತ್ಯಾಸ ಬಂದರೂ, ಅದು ಬೇಕೆಂದು ಮಾಡಿದ್ದೋ ಅರಿಯದೆ ಆದದ್ದೋ ಎಂದು ಯಾರಾದರೂ ಹೆಸರು ಹಾಕಿ ಬರೆಯಬೇಕು. ಪಿಎಚ್‌ಪಿಯಲ್ಲಾದಂಥ ಬದಲಾವಣೆ ಈ ಜರಡಿಯಲ್ಲಿ ನಿಲ್ಲುತ್ತದೆ. ಬೆಲೆಯನ್ನು ಮಾತ್ರ ಹೋಲಿಸಿದರೆ ನಿಲ್ಲುವುದಿಲ್ಲ.

ಇದನ್ನು ನಕಲಿ ಸರ್ವರ್ ಎದುರು ಮಾಡಬೇಡಿ. ನಕಲಿ ಸರ್ವರ್‌ಗೆ ನಿಮಗೆ ಗೊತ್ತಿರುವಷ್ಟೇ ಗೊತ್ತು. ಕಂಟೇನರ್‌ಗಳಲ್ಲಿ ನಿಜವಾದ ಸರ್ವರ್‌ಗಳ ಹಳೆಯದು ಹೊಸದು ಎಲ್ಲವನ್ನೂ ಎಬ್ಬಿಸಿ.

ಡಿಫಾಲ್ಟ್ ಬದಲಿಸುವುದಕ್ಕೆ ನಾವು ಮೂರು ಬಿಡುಗಡೆ ತೆಗೆದುಕೊಳ್ಳುತ್ತೇವೆ. ಮೊದಲು ಹೊಸ ನಡವಳಿಕೆ ಕೇಳಿದವರಿಗೆ ಮಾತ್ರ. ಆಮೇಲೆ, ಏನನ್ನೂ ಆರಿಸದವರಿಗೆ ಎಚ್ಚರಿಕೆ. ಕೊನೆಗೆ ಮುಖ್ಯ ಆವೃತ್ತಿಯಲ್ಲಿ ಬದಲಾವಣೆ, ಹಳೆಯದಕ್ಕೆ ಮರಳುವ ಒಂದು ಸೆಟ್ಟಿಂಗ್‌ನೊಂದಿಗೆ. ಭದ್ರತೆಯ ವಿಷಯದಲ್ಲಿ ಇಷ್ಟು ಕಾಯಲಾಗದು. 2022ರಲ್ಲಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನ ಜೆಡಿಬಿಸಿ ಡ್ರೈವರ್ 10.2 ಮತ್ತು ಒಡಿಬಿಸಿ ಡ್ರೈವರ್ 18, ಎನ್‌ಕ್ರಿಪ್ಷನ್ ಅನ್ನು ಡಿಫಾಲ್ಟ್ ಆಗಿ ಆನ್ ಮಾಡಿದವು. ಸರ್ಟಿಫಿಕೇಟ್ ಸರಿಯಿಲ್ಲದ ಕಡೆಯೆಲ್ಲ ಕನೆಕ್ಷನ್ ನಿಂತಿತು. ಜೋರಾಗಿ ನಿಂತಿತು, ಎರರ್ ಓದಿದರೆ ಕಾರಣ ತಿಳಿಯುತ್ತಿತ್ತು. ಅಂಥ ನಿಲುಗಡೆಯನ್ನು ನಾನು ಒಪ್ಪುತ್ತೇನೆ.

ಸರಿಪಡಿಸದೇ ಬಿಡಬೇಕಾದ ತಪ್ಪುಗಳೂ ಇವೆ. ಒಂದೇ ಫೈಲ್‌ನಲ್ಲಿ ಡೇಟಾಬೇಸ್ ಇಡುವ ಎಸ್‌ಕ್ಯೂಲೈಟ್‌ನಲ್ಲಿ, ಪೂರ್ಣಾಂಕವಲ್ಲದ ಪ್ರೈಮರಿ ಕೀ (ಸಾಲನ್ನು ಗುರುತಿಸುವ) ಕಾಲಂನಲ್ಲಿ ನಲ್ ಇಡಲು ಸಾಧ್ಯ. ಅದು ಹಳೆಯ ಬಗ್ ಎಂದು ಅವರ ದಾಖಲೆಯಲ್ಲೇ ಇದೆ. ಸರಿಪಡಿಸಿದರೆ ಇರುವ ಡೇಟಾಬೇಸ್‌ಗಳು ಒಡೆಯುತ್ತವೆಂದು ಹಾಗೇ ಬಿಟ್ಟಿದ್ದಾರೆ. ಫಾರಿನ್ ಕೀ (ಬೇರೆ ಟೇಬಲ್‌ನ ಸಾಲನ್ನು ತೋರಿಸುವ ಕೀಲಿ) ಪರಿಶೀಲನೆ ಕೂಡ ಹೊಂದಾಣಿಕೆಗಾಗಿಯೇ ಡಿಫಾಲ್ಟ್ ಆಗಿ ಆಫ್. ಬಿಗಿ ಬೇಕಾದವರಿಗೆ 2021ರ 3.37ರಲ್ಲಿ 'ಸ್ಟ್ರಿಕ್ಟ್' ಟೇಬಲ್ ಕೊಟ್ಟರು, ಹಳೆಯದನ್ನು ಮುಟ್ಟಲಿಲ್ಲ. ಫಾರಿನ್ ಕೀ ಅನ್ನು ಡ್ರೈವರ್ ತಾನೇ ಆನ್ ಮಾಡಿಕೊಡಲಿ ಎಂದು ನಮ್ಮನ್ನು ಕೇಳಿದವರಿದ್ದಾರೆ. ಮಾಡುವುದಿಲ್ಲ. ಅದೇ ಫೈಲ್ ಅನ್ನು ಬೇರೆ ಡ್ರೈವರ್‌ನಲ್ಲಿ ತೆರೆದಾಗ ಬೇರೆ ನಿಯಮ ನಡೆದರೆ, ದುಭಾಷಿ ತನ್ನ ಮಾತು ಸೇರಿಸಿದಂತೆ.

ಕೇಳಿದ ಪ್ರಶ್ನೆಗಳಲ್ಲಿ ಎರಡು

ಒಬ್ಬರು ಕೇಳಿದರು: "ಡ್ರೈವರ್ ಮೊದಲು ನವೀಕರಿಸಬೇಕೋ, ಸರ್ವರ್ ಮೊದಲೋ?" ಸಾಮಾನ್ಯವಾಗಿ ಡ್ರೈವರ್ ಮೊದಲು. ಹೊಸ ಡ್ರೈವರ್‌ಗೆ ಹಳೆಯ ಸರ್ವರ್ ಗೊತ್ತಿರುವ ಸಂಭವ ಹೆಚ್ಚು. ಹಳೆಯ ಡ್ರೈವರ್‌ಗೆ ಮುಂದೆ ಬರುವ ಸರ್ವರ್ ಗೊತ್ತಿರಲಾರದು. ಪೋಸ್ಟ್‌ಗ್ರೆಸ್ 14ರಲ್ಲಿ ಪಾಸ್‌ವರ್ಡ್‌ಗೆ ಸ್ಕ್ರಾಮ್ ವಿಧಾನ ಡಿಫಾಲ್ಟ್ ಆದಾಗ ಸಿಕ್ಕಿಬಿದ್ದವರು ಸರ್ವರ್ ಮೊದಲು ಏರಿಸಿದವರು. ಸ್ಕ್ರಾಮ್ 2017ರಲ್ಲೇ ಬಂದಿತ್ತು, ಡ್ರೈವರ್‌ಗಳಿಗೆ ಕಲಿಯಲು ನಾಲ್ಕು ವರ್ಷ ಸಿಕ್ಕಿತ್ತು. ಎರಡನ್ನೂ ಒಂದೇ ದಿನ ಮಾತ್ರ ಬದಲಿಸಬೇಡಿ, ತಪ್ಪು ಯಾರದೆಂದು ಹುಡುಕಲು ಆಗುವುದಿಲ್ಲ.

ಇನ್ನೊಬ್ಬರು: "ಹಳೆಯ ಸರ್ವರ್‌ಗಳ ಬೆಂಬಲ ಎಂದು ಬಿಡುತ್ತೀರಿ?" ಸರ್ವರ್ ಮಾಡಿದವರೇ ಬಿಟ್ಟ ಮೇಲೆ. ಪೋಸ್ಟ್‌ಗ್ರೆಸ್ ಪ್ರತಿ ಮುಖ್ಯ ಆವೃತ್ತಿಗೂ 5 ವರ್ಷ ಕೊಡುತ್ತದೆ, ಮೈಎಸ್‌ಕ್ಯೂಎಲ್ 5.7ರ ಬೆಂಬಲ 2023ರ ಅಕ್ಟೋಬರ್‌ಗೆ ಮುಗಿಯಿತು. ಆದರೂ ಅವು ಇನ್ನೂ ಓಡುತ್ತಿವೆ, ಅವುಗಳ ಹಿಂದೆ ಕೆಲಸ ಮಾಡುವ ಜನರೂ ಇದ್ದಾರೆ. ಅವರಿಗಾಗಿ ಕೊನೆಯ ಹೊಂದುವ ಸರಣಿಯನ್ನು ಬೇರೆ ಶಾಖೆಯಲ್ಲಿ ಇಟ್ಟು, ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಹಾಕುತ್ತೇವೆ. ಹೊಸ ಡ್ರೈವರ್ ಅಂಥ ಸರ್ವರ್‌ಗೆ ತಾಗಿದರೆ ಅರ್ಥವಾಗದ ಪ್ರೋಟೋಕಾಲ್ ಎರರ್ ಕೊಡುವುದಿಲ್ಲ. ಸರ್ವರ್‌ನ ಆವೃತ್ತಿ ಇಷ್ಟು, ನಮಗೆ ಬೇಕಾದ ಕನಿಷ್ಠ ಇಷ್ಟು, ನಿಮಗೆ ಹೊಂದುವ ನಮ್ಮ ಕೊನೆಯ ಸರಣಿ ಇದು ಎಂದು ಮೂರೂ ಸಂಖ್ಯೆಗಳನ್ನು ಆ ಎರರ್‌ನಲ್ಲೇ ಬರೆಯುತ್ತದೆ.